ದೊಡ್ಡ ದನಿಯ ಹಿಂದಿನ ಸಣ್ಣ ಕರೆಂಟು

ದೇವಸ್ಥಾನದ ಇತಿಹಾಸ, ಯಕ್ಷಗಾನದ ಇತಿಹಾಸ, ಗಡಿನಾಡಿನ ಹೋರಾಟದ ಇತಿಹಾಸ ಬರೆಯುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಾನು ಏಳನೆಯ ಕ್ಲಾಸಿನವರೆಗೆ ಓದಿ ತೋಟಕ್ಕೆ ಇಳಿದವನು. ನನಗೆ ಗೊತ್ತಿರುವ ಕೆಲಸ ಎರಡೇ. ಒಂದು ಅಡಿಕೆ ತೋಟಕ್ಕೆ ನೀರು ಬಿಡುವುದು, ಇನ್ನೊಂದು ಪಾಡ್ದನ ಹೇಳುವುದು. ಆದ್ದರಿಂದ ನಾನು ಬರೆಯಲಿಕ್ಕೆ ಹೊರಟದ್ದು ದನಿಯ ಇತಿಹಾಸ. ಅದರಲ್ಲಿಯೂ ದನಿಯನ್ನು ದೂರಕ್ಕೆ ಕಳುಹಿಸುವ ಯಂತ್ರದ ಹೊಟ್ಟೆಯೊಳಗೆ ಯಾರ ಕಿವಿಗೂ ಕೇಳದ ಹಾಗೆ ಹರಿಯುವ ಒಂದು ಸಣ್ಣ ಕರೆಂಟಿನ ಇತಿಹಾಸ. ಅದನ್ನು ಹೊಂದಿಸಿ ಇಡುವುದಕ್ಕೆ ರಿಪೇರಿಯವರು ಬಯಾಸ್ ಕೊಡುವುದು ಅಂತ ಹೇಳುತ್ತಾರೆ.

ಇದನ್ನು ನನಗೆ ಮೊದಲು ಹೇಳಿಕೊಟ್ಟವರು ಕುಂಬಳೆ ಪೇಟೆಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಒಬ್ಬರು ಹಿರಿಯರು. ನಾವೆಲ್ಲ ಅವರನ್ನು ಇಚ್ಚ ಅಂತಲೇ ಕರೆಯುತ್ತಿದ್ದದ್ದು. ಆಮೇಲೆ ಪುಸ್ತಕಗಳನ್ನು ನೋಡಿದೆ. ಇಂಗ್ಲಿಷಿನಲ್ಲಿ ಇದ್ದದ್ದನ್ನು ಹೈಸ್ಕೂಲಿನ ವಿಜ್ಞಾನದ ಟೀಚರು ಓದಿ ಅರ್ಥ ಹೇಳಿದರು. ಯಂತ್ರದ ವಿಷಯ ಅಂತ ಹೇಳಿ ಪುಟ ಮಗುಚಬೇಡಿ. ನೀರು ಬಿಡಲಿಕ್ಕೆ ಗೊತ್ತಿದ್ದವರಿಗೆ, ನಾಲ್ಕು ಜನರ ಜೊತೆ ಹಾಡಲಿಕ್ಕೆ ಗೊತ್ತಿದ್ದವರಿಗೆ ಇದು ಅರ್ಥವಾಗುವ ಸಂಗತಿಯೇ.

ಗಡಿನಾಡಿನ ನಮಗೆ ರೇಡಿಯೋ ಅಂದರೆ ಬರೀ ಹೊತ್ತು ಕಳೆಯುವ ಪೆಟ್ಟಿಗೆ ಆಗಿರಲಿಲ್ಲ. ಧಾರವಾಡದ ಆಕಾಶವಾಣಿ 1950ರಲ್ಲಿ ಸುರುವಾಯಿತು, ಬೆಂಗಳೂರಿನದ್ದು 1955ರಲ್ಲಿ. ಅದರ ಮರುವರ್ಷ, 1956ರ ನವೆಂಬರ್ 1ರಂದು, ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ನಮ್ಮ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಕಚೇರಿಯ ಕಾಗದ, ಬಸ್ಸಿನ ಬೋರ್ಡು ಒಂದೊಂದಾಗಿ ಮಲಯಾಳಕ್ಕೆ ತಿರುಗಿತು. ರೇಡಿಯೋದ ಅಲೆಗೆ ಮಾತ್ರ ಗಡಿ ಇಲ್ಲ. ಮೀಡಿಯಂ ವೇವಿನ ಅಲೆ ರಾತ್ರಿ ಹೊತ್ತು ಆಕಾಶಕ್ಕೆ ತಾಗಿ ದೂರಕ್ಕೆ ಬಂದು ಬೀಳುತ್ತದೆ. ಊಟ ಆದ ಮೇಲೆ ಮುಳ್ಳು ತಿರುಗಿಸಿದರೆ 612ರಲ್ಲಿ ಬೆಂಗಳೂರು, 684ರಲ್ಲಿ ಕೋಝಿಕ್ಕೋಡು, 765ರಲ್ಲಿ ಧಾರವಾಡ. 1976ರ ಡಿಸೆಂಬರ್ 11ರಂದು ಮಂಗಳೂರು ಆಕಾಶವಾಣಿ ಸುರುವಾದ ಮೇಲೆ ಕನ್ನಡವೂ ತುಳುವೂ ಹಗಲು ಹೊತ್ತಿನಲ್ಲಿಯೇ ಅಂಗಳಕ್ಕೆ ಬಂತು. ಅದರ ಸ್ಟುಡಿಯೋ ಕದ್ರಿಯಲ್ಲಿ, ಅಲೆ ಬಿಡುವ ಟ್ರಾನ್ಸ್‌ಮಿಟರ್ ಉಡುಪಿ ಕಡೆಯ ಬ್ರಹ್ಮಾವರದಲ್ಲಿ, ಮುಳ್ಳು ನಿಲ್ಲಬೇಕಾದದ್ದು 1089 ಕಿಲೋಹರ್ಟ್ಸಿನಲ್ಲಿ.

ಈಗ ಲೆಕ್ಕ ನೋಡಿ. ಮೈಕಿನ ಎದುರು ಹಾಡಿದಾಗ ಹುಟ್ಟುವ ಕರೆಂಟು ಇರುವೆ ಹೆಜ್ಜೆಯಷ್ಟು ಸಣ್ಣದು. ಬ್ರಹ್ಮಾವರದಿಂದ ಹೊರಡುವ ಅಲೆಯ ಶಕ್ತಿ 20 ಕಿಲೋವಾಟ್. ನಮ್ಮ 5 ಎಚ್‌ಪಿ ಪಂಪಿನ ಲೆಕ್ಕದಲ್ಲಿ ಹೇಳುವುದಾದರೆ ಐದು ಪಂಪಿಗಿಂತ ಸ್ವಲ್ಪ ಹೆಚ್ಚು. ಇರುವೆಯನ್ನು ಆನೆ ಮಾಡುವ ಈ ಕೆಲಸದ ಕೊನೆಯ ಮೆಟ್ಟಿಲಿಗೆ ಪವರ್ ಆಂಪ್ಲಿಫಯರ್ ಅಂತ ಹೆಸರು. ದೊಡ್ಡದು ಮಾಡುವುದು ಅಷ್ಟು ಕಷ್ಟವಲ್ಲ. ಇರುವೆ ಹೇಗಿತ್ತೋ ಹಾಗೆಯೇ ಆನೆ ಆಗಬೇಕು, ಅದು ಕಷ್ಟ. ಒಂದು ಪಾಲು ಕೊಟ್ಟರೆ ನೂರು, ಎರಡು ಕೊಟ್ಟರೆ ಇನ್ನೂರು, ಕಾಲು ಪಾಲು ಕೊಟ್ಟರೆ ಇಪ್ಪತ್ತೈದು ಬರಬೇಕು. ಕಾಗದದಲ್ಲಿ ಗೆರೆ ಎಳೆದರೆ ಅಳತೆಕೋಲಿನ ಹಾಗೆ ನೇರ ಇರಬೇಕು. ಇದಕ್ಕೆ ನೇರತನ ಅಂತ ಹೇಳುವ.

ನೇರತನ ತಪ್ಪಿದರೆ ಎರಡು ಉಪದ್ರ. ಒಂದು, ದನಿ ಒಡೆಯುತ್ತದೆ. ಎರಡನೆಯದ್ದು, ಒಡೆದ ಚೂರುಗಳು ಅಕ್ಕಪಕ್ಕದ ಸ್ಟೇಷನ್ನಿನ ಜಾಗಕ್ಕೆ ಹೋಗಿ ಬೀಳುತ್ತವೆ. ನಮ್ಮ ದೇಶದಲ್ಲಿ ಮೀಡಿಯಂ ವೇವಿನ ಒಂದು ಸ್ಟೇಷನ್ನಿಗೂ ಮುಂದಿನ ಜಾಗಕ್ಕೂ ಇರುವ ಅಂತರ 9 ಕಿಲೋಹರ್ಟ್ಸ್ ಮಾತ್ರ. ಮೇಲಿನ ಗದ್ದೆಯವನ ಹುಣಿ ಒಡೆದರೆ ಕೆಳಗಿನ ಗದ್ದೆಯವನ ನೇಜಿ ಕೊಚ್ಚಿಹೋಗುವ ಹಾಗೆ.

ಈ ಕಥೆ ಸುರುವಾಗುವುದು ವಾಲ್ವಿನಿಂದ. ಗಾಜಿನ ಬುರುಡೆಯೊಳಗೆ ಕೆಂಪಗೆ ಕಾಯುವ ಒಂದು ತಂತಿ, ಎದುರಿಗೆ ಒಂದು ತಗಡು. ತಂತಿಯಿಂದ ತಗಡಿಗೆ ಕರೆಂಟು ಹಾರುತ್ತದೆ. 1906ರಲ್ಲಿ ಅಮೇರಿಕದ ಲೀ ಡಿ ಫಾರೆಸ್ಟ್ ಎಂಬವರು ಆಡಿಯಾನ್ ಎಂಬ ವಾಲ್ವನ್ನು ಹೊರಗೆ ತಂದರು. ಸ್ವಲ್ಪ ಸಮಯದಲ್ಲಿಯೇ ಅದರ ನಡುವೆ ಜಾಲರಿಯ ಹಾಗಿನ ಗ್ರಿಡ್ ಸೇರಿಸಿದರು. ಗ್ರಿಡ್ ಅಂದರೆ ನಮ್ಮ ತೋಡಿನ ಕಟ್ಟದ ಹಲಗೆ ಇದ್ದ ಹಾಗೆ. ಹಲಗೆಯನ್ನು ಬೆರಳಷ್ಟು ಎತ್ತಿದರೆ ಸಾಕು, ಹಿಂದೆ ನಿಂತ ನೀರೆಲ್ಲ ನಿಮ್ಮ ಮಾತು ಕೇಳುತ್ತದೆ. ಸಣ್ಣ ಕೈ, ದೊಡ್ಡ ನೀರು.

ಆದರೆ ಹಲಗೆಯನ್ನು ಮೊದಲೇ ಎಷ್ಟು ಎತ್ತಿ ಇಡಬೇಕು? ಪೂರ್ತಿ ಎತ್ತಿ ಇಟ್ಟರೆ ಇನ್ನೂ ಎತ್ತಲಿಕ್ಕೆ ಜಾಗ ಇಲ್ಲ. ಪೂರ್ತಿ ಇಳಿಸಿ ಇಟ್ಟರೆ ಇನ್ನೂ ಇಳಿಸಲಿಕ್ಕೆ ಜಾಗ ಇಲ್ಲ. ದನಿ ಅಂದರೆ ಮೇಲೆ ಕೆಳಗೆ ಆಡುವಂಥದ್ದು. ಎರಡೂ ಕಡೆ ಆಡಬೇಕಾದರೆ ಹಲಗೆ ನಡುವಿನಲ್ಲಿ ನಿಂತಿರಬೇಕು. ಟೆಸ್ಲಾ ಅವರ ಸಹಾಯಕರಾಗಿದ್ದ ಫ್ರಿಟ್ಜ್ ಲೋವೆನ್‌ಸ್ಟೈನ್ ಎಂಬವರು 1912ರಲ್ಲಿ ಇದನ್ನು ಹಿಡಿದರು. ಗ್ರಿಡ್ಡಿಗೆ ಒಂದು ಬ್ಯಾಟರಿಯಿಂದ ಯಾವಾಗಲೂ ಸ್ವಲ್ಪ ಋಣ ವೋಲ್ಟೇಜು ಕೊಟ್ಟು ನಡು ಜಾಗದಲ್ಲಿ ನಿಲ್ಲಿಸಿದರು. ಅಷ್ಟೇ ಕೆಲಸ. ಆ ಅಷ್ಟೇ ಕೆಲಸದ ಪೇಟೆಂಟನ್ನು ಅಮೇರಿಕದ ದೊಡ್ಡ ಟೆಲಿಫೋನ್ ಕಂಪೆನಿಯಾದ ಎಟಿ ಆಂಡ್ ಟಿ 1,50,000 ಡಾಲರ್ ಕೊಟ್ಟು ಖರೀದಿ ಮಾಡಿತು. ಒಂದು ಬ್ಯಾಟರಿ ಎಲ್ಲಿ ಇಡಬೇಕು ಎಂಬ ಬುದ್ಧಿಗೆ ಅಷ್ಟು ದುಡ್ಡು! ಹಳೆಯ ಕಾಲದ ರೇಡಿಯೋಗಳಿಗೆ ಎ, ಬಿ, ಸಿ ಅಂತ ಮೂರು ಬ್ಯಾಟರಿ ಇರುತ್ತಿತ್ತು. ಎ ತಂತಿ ಕಾಯಿಸಲಿಕ್ಕೆ, ಬಿ ತಗಡಿಗೆ, ಸಿ ಗ್ರಿಡ್ಡಿನ ಬಯಾಸಿಗೆ.

ಹೀಗೆ ವಾಲ್ವು ಹದಕ್ಕೆ ಬಂದ ಮೇಲೆ ದೂರದ ದಾರಿ ತೆರೆಯಿತು. 1915ರಲ್ಲಿ ಅಮೇರಿಕದ ಆರ್ಲಿಂಗ್ಟನ್ನಿನಿಂದ ಹೊರಟ ಮನುಷ್ಯನ ಮಾತು ಸಮುದ್ರ ದಾಟಿ ಪ್ಯಾರಿಸಿನ ಐಫೆಲ್ ಗೋಪುರದಲ್ಲಿ ಕೇಳಿಸಿತು. ಅದಕ್ಕೆ ಸುಮಾರು 500 ವಾಲ್ವುಗಳನ್ನು ಒಟ್ಟಿಗೆ ಕೆಲಸಕ್ಕೆ ಹಚ್ಚಿದ್ದರು. 1927ರ ಜನವರಿಯಲ್ಲಿ ನ್ಯೂಯಾರ್ಕಿಗೂ ಲಂಡನ್ನಿಗೂ ರೇಡಿಯೋ ಮೂಲಕ ಟೆಲಿಫೋನು ಸುರುವಾಯಿತು. ಅದು ಅಲೆಯ ಒಂದೇ ಪಕ್ಕವನ್ನು ಮಾತ್ರ ಕಳುಹಿಸುವ ಕ್ರಮ. ಆ ಕ್ರಮದಲ್ಲಿ ಪವರ್ ಆಂಪ್ಲಿಫಯರ್ ನೇರ ಇಲ್ಲದಿದ್ದರೆ ಮಾತು ಪೂರಾ ಕಲಸುಮೇಲೋಗರ. ಅದೇ ವರ್ಷ ಹೆರಾಲ್ಡ್ ಬ್ಲ್ಯಾಕ್ ಎಂಬ ಎಂಜಿನಿಯರು ಕೆಲಸಕ್ಕೆ ಹೋಗುವ ದೋಣಿಯಲ್ಲಿ ಕೂತು, ಹೊರಗೆ ಬಂದದ್ದರ ಒಂದು ಪಾಲನ್ನು ಒಳಗೆ ತಂದು ತಾಳೆ ನೋಡಿ ತಿದ್ದುವ ಉಪಾಯವನ್ನು ಪೇಪರಿನ ಮೇಲೆಯೇ ಗೀಚಿದರು. ಹಾಡುವವನು ತನ್ನ ಕಿವಿಯಿಂದ ತನ್ನ ದನಿಯನ್ನೇ ಕೇಳಿ ಶ್ರುತಿ ಸರಿಮಾಡಿಕೊಳ್ಳುವುದಿಲ್ಲವಾ, ಅದೇ.

ನಮ್ಮ ಕಡೆ ರೇಡಿಯೋ ಕೆಲಸ ಸುರುವಾದದ್ದು ಮೈಸೂರಿನಲ್ಲಿ. ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರೊಫೆಸರು ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಸ್ಟೇಷನ್ನು ಇಟ್ಟರು. ಆಕಾಶವಾಣಿ ಎಂಬ ಹೆಸರು ಬಂದದ್ದು ಅಲ್ಲಿಂದ. ಆ ಕಾಲದ ಟ್ರಾನ್ಸ್‌ಮಿಟರುಗಳೆಲ್ಲ ವಾಲ್ವಿನವೇ.

ಬಯಾಸ್ ಎಷ್ಟು ಕೊಡಬೇಕು ಎಂಬುದರಲ್ಲಿ ಮೂರು ನಾಲ್ಕು ಪಂಗಡ ಉಂಟು. ಎಂಜಿನಿಯರುಗಳು ಅದಕ್ಕೆ ಎ ಕ್ಲಾಸು, ಬಿ ಕ್ಲಾಸು, ಸಿ ಕ್ಲಾಸು ಅಂತ ಹೆಸರಿಟ್ಟಿದ್ದಾರೆ. ಎ ಕ್ಲಾಸು ಅಂದರೆ ಹಲಗೆ ಅರ್ಧ ಎತ್ತಿ ಇಟ್ಟು ಹಗಲೂ ರಾತ್ರಿ ನೀರು ಹರಿಯಲಿಕ್ಕೆ ಬಿಡುವುದು. ದನಿ ಇರಲಿ ಇಲ್ಲದಿರಲಿ ಹರಿಯುತ್ತದೆ. ನೇರತನ ಬಹಳ ಒಳ್ಳೆಯದು, ಆದರೆ ಕೊಟ್ಟ ಶಕ್ತಿಯ ಅರ್ಧಕ್ಕಿಂತ ಹೆಚ್ಚು ಬಿಸಿಯಾಗಿ ಹಾಳು. ಸಿ ಕ್ಲಾಸು ಅದಕ್ಕೆ ಉಲ್ಟಾ. ಹಲಗೆ ಮುಚ್ಚಿಯೇ ಇರುತ್ತದೆ, ಅಲೆ ತುದಿಗೆ ಬಂದಾಗ ಮಾತ್ರ ಒಮ್ಮೆ ತೆರೆದು ಮುಚ್ಚುತ್ತದೆ. ಮಗುವಿನ ಉಯ್ಯಾಲೆಯನ್ನು ಹತ್ತಿರ ಬಂದಾಗ ಮಾತ್ರ ಒಮ್ಮೆ ತಳ್ಳುವ ಹಾಗೆ. ಉಳಿದ ಸುತ್ತನ್ನು ಉಯ್ಯಾಲೆಯೇ ಪೂರ್ತಿ ಮಾಡುತ್ತದೆ. ಇಲ್ಲಿ ಉಯ್ಯಾಲೆ ಅಂದರೆ ಸುರುಳಿಯೂ ಕಂಡೆನ್ಸರೂ ಸೇರಿದ ಜೋಡಿ. ಶಕ್ತಿ ಉಳಿತಾಯ, ಆದರೆ ನೇರತನ ಇಲ್ಲ.

ನಡುವಿನದ್ದು ಬಿ ಕ್ಲಾಸು. ಇದನ್ನು ನಾನು ಓಬೇಲೆ ಹಾಡಿನಿಂದ ಹೇಳುತ್ತೇನೆ. ಗದ್ದೆಯಲ್ಲಿ ನೇಜಿ ನೆಡುವಾಗ ಒಬ್ಬಳು ಹೆಂಗಸು ಸಾಲು ಎತ್ತುತ್ತಾಳೆ, ಉಳಿದವರು ಅದನ್ನು ಹಿಡಿದುಕೊಳ್ಳುತ್ತಾರೆ. ಬಿ ಕ್ಲಾಸಿನಲ್ಲಿಯೂ ಹಾಗೆಯೇ ಇಬ್ಬರು. ಅಲೆಯ ಮೇಲಿನ ಅರ್ಧ ಒಬ್ಬನಿಗೆ, ಕೆಳಗಿನ ಅರ್ಧ ಇನ್ನೊಬ್ಬನಿಗೆ. ತನ್ನ ಸರದಿ ಇಲ್ಲದಾಗ ಪೂರಾ ವಿಶ್ರಾಂತಿ. ಕೇಳಲಿಕ್ಕೆ ಚೆಂದವೇ. ಆದರೆ ಮೊದಲಿನವಳು ಸಾಲು ನಿಲ್ಲಿಸಿದ ಮೇಲೆ ಉಳಿದವರು ಉಸಿರು ತೆಗೆದು ಸುರುಮಾಡಿದರೆ ಏನಾಗುತ್ತದೆ? ಪ್ರತಿ ಸಾಲಿನ ನಡುವೆ ಒಂದು ಹೊಂಡ. ಪಳಗಿದ ಹೆಂಗಸರು ಹಾಗೆ ಮಾಡುವುದಿಲ್ಲ. ಮೊದಲಿನವಳ ಕೊನೆಯ ಅಕ್ಷರ ಗಾಳಿಯಲ್ಲಿ ಇರುವಾಗಲೇ ಇವರ ದನಿ ಒಳಗಿಂದ ಎದ್ದಿರುತ್ತದೆ. ಎರಡೂ ದನಿ ಒಂದು ಗಳಿಗೆ ಒಟ್ಟಿಗೆ ಇರುತ್ತದೆ. ಆಂಪ್ಲಿಫಯರಿನಲ್ಲಿ ಇದೇ ಎಬಿ ಕ್ಲಾಸು. ಸರದಿ ಇಲ್ಲದವನಿಗೂ ಪೂರ್ತಿ ನಿದ್ದೆ ಕೊಡದೆ, ಸಣ್ಣ ಕರೆಂಟು ಹರಿಸಿ ಎಚ್ಚರದಲ್ಲಿ ಇಡುವುದು.

ಈ ಹೊಂಡ ಯಾವ ದನಿಯನ್ನು ನುಂಗುತ್ತದೆ ಎಂಬುದು ಮುಖ್ಯ. ಬೊಬ್ಬೆ ಹಾಕಿದರೆ ಹೊಂಡ ಗೊತ್ತೇ ಆಗುವುದಿಲ್ಲ, ದೊಡ್ಡ ದನಿ ಅದನ್ನು ಹಾರಿ ದಾಟುತ್ತದೆ. ಮೆಲ್ಲಗೆ ಹೇಳಿದ್ದು ಮಾತ್ರ ಹೊಂಡಕ್ಕೆ ಬಿದ್ದು ಹೋಗುತ್ತದೆ. ತೋಟದ ಕಣಿ ಒಣಗಿದ್ದಾಗ ನೀರು ಬಿಟ್ಟು ನೋಡಿ. ಜೋರು ನೀರು ಕೊನೆಯ ಮರದವರೆಗೆ ಮುಟ್ಟುತ್ತದೆ. ಸಣ್ಣ ನೀರನ್ನು ಮೊದಲ ಹತ್ತು ಮಾರಿನ ಒಣ ಮಣ್ಣೇ ಕುಡಿದು ಮುಗಿಸುತ್ತದೆ. ಕಣಿಯನ್ನು ಮೊದಲೇ ಒದ್ದೆ ಮಾಡಿ ಇಟ್ಟರೆ ಎಷ್ಟು ಸಣ್ಣ ನೀರು ಬಿಟ್ಟರೂ ಅಷ್ಟೂ ಮುಂದೆ ಹೋಗುತ್ತದೆ. ಬಯಾಸ್ ಅಂದರೆ ಕಣಿಯನ್ನು ಒದ್ದೆ ಇಡುವುದು.

ದೊಡ್ಡ ಮೀಡಿಯಂ ವೇವ್ ಟ್ರಾನ್ಸ್‌ಮಿಟರಿನ ಚರಿತ್ರೆಯಲ್ಲಿ ಇದಕ್ಕೆ ಎರಡು ದಾರಿ ಆಯಿತು. ಒಂದು ದಾರಿಯಲ್ಲಿ ಅಲೆ ಎಬ್ಬಿಸುವ ವಾಲ್ವನ್ನು ಸಿ ಕ್ಲಾಸಿನಲ್ಲಿ ಜೋರಾಗಿ ಓಡಿಸಿ, ದನಿಯನ್ನು ಬೇರೆಯೇ ಒಂದು ಜೋಡಿ ದೊಡ್ಡ ವಾಲ್ವಿನಿಂದ ತಂದು ಅದರ ತಗಡಿಗೆ ಸೇರಿಸುತ್ತಾರೆ. ಆಗ ಬಯಾಸಿನ ನಾಜೂಕು ಆ ದನಿಯ ಜೋಡಿಯಲ್ಲಿ. ಇನ್ನೊಂದು ದಾರಿಯಲ್ಲಿ ದನಿಯನ್ನು ಸಣ್ಣ ಅಲೆಗೆ ಮೊದಲೇ ಸೇರಿಸಿ, ಆಮೇಲೆ ಅಲೆಯನ್ನು ನೇರವಾಗಿ ದೊಡ್ಡದು ಮಾಡುತ್ತಾರೆ. ಆಗ ಬಯಾಸಿನ ನಾಜೂಕು ಪವರ್ ಸ್ಟೇಜಿನಲ್ಲಿಯೇ. ಎರಡನೆಯ ದಾರಿಯಲ್ಲಿ ಕೊಟ್ಟ ಶಕ್ತಿಯ ಮೂರನೆಯ ಒಂದು ಪಾಲು ಮಾತ್ರ ಅಲೆಯಾಗಿ ಹೊರಡುತ್ತಿತ್ತು. 1936ರಲ್ಲಿ ವಿಲಿಯಂ ಡೊಹರ್ಟಿ ಎಂಬ ಎಂಜಿನಿಯರು ಎರಡು ವಾಲ್ವಿಗೆ ಎರಡು ಬಗೆಯ ಕೆಲಸ ಹಂಚಿದರು. ಒಂದು ಯಾವಾಗಲೂ ದುಡಿಯುತ್ತದೆ, ಇನ್ನೊಂದಕ್ಕೆ ಆಳವಾದ ಬಯಾಸ್, ದನಿ ಎತ್ತರಕ್ಕೆ ಹೋದಾಗ ಮಾತ್ರ ಕೈಕೊಡುತ್ತದೆ. ಭಾಗವತರು ಹಾಡುವಾಗ ಏರು ಪದಕ್ಕೆ ಮಾತ್ರ ಚೆಂಡೆ ಸೇರುವ ಹಾಗೆ. ಇದರಿಂದ ನೂರರಲ್ಲಿ 60ಕ್ಕಿಂತ ಹೆಚ್ಚು ಪಾಲು ಶಕ್ತಿ ಅಲೆಯಾಯಿತು. ಆ ಉಪಾಯ ಈಗ ಮೊಬೈಲ್ ಟವರಿನಲ್ಲಿಯೂ ಉಂಟು.

ಎಫ್‌ಎಂಗೆ ಈ ನೇರತನದ ಕಾಟ ಇಲ್ಲ. ಎಫ್‌ಎಂ ಅಲೆಯ ಎತ್ತರ ಬದಲಾಗುವುದಿಲ್ಲ, ಸೆಕೆಂಡಿಗೆ ಎಷ್ಟು ಸಲ ಆಡುತ್ತದೆ ಎಂಬುದು ಬದಲಾಗುತ್ತದೆ. ಆದ್ದರಿಂದ 1991ರಲ್ಲಿ ಸುರುವಾದ ಕಣ್ಣೂರಿನ 101.5 ಆಗಲಿ, ಮಂಗಳೂರಿನ 100.3 ಆಗಲಿ, ಅಂಥ ಎಫ್‌ಎಂ ಸ್ಟೇಷನ್ನಿನ ಪವರ್ ಸ್ಟೇಜನ್ನು ಸಿ ಕ್ಲಾಸಿನಲ್ಲಿ ಓಡಿಸಿದರೂ ದನಿ ಕೆಡುವುದಿಲ್ಲ.

ಇನ್ನು ಬಿಸಿಯ ವಿಷಯ. 1947ರ ಡಿಸೆಂಬರಿನಲ್ಲಿ ಅಮೇರಿಕದ ಬೆಲ್ ಲ್ಯಾಬಿನಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಅದು ನಮ್ಮ ನಾಡಿಗೆ ಬಂದ ದಾರಿ ಬೆಂಗಳೂರಿನ ಜಾಲಹಳ್ಳಿಯ ಮೂಲಕ. 1954ರಲ್ಲಿ ಅಲ್ಲಿ ಸರಕಾರದ ಭಾರತ್ ಎಲೆಕ್ಟ್ರಾನಿಕ್ಸ್, ಬಿಇಎಲ್ ಅಂತ ನಾವು ಹೇಳುವುದು, ಸ್ಥಾಪನೆಯಾಯಿತು. 1961ರಲ್ಲಿ ರೇಡಿಯೋದ ವಾಲ್ವು, 1962ರಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರ್ ಮುಂತಾದವು, 1964ರಲ್ಲಿ ಆಕಾಶವಾಣಿಗೆ ಬೇಕಾದ ಟ್ರಾನ್ಸ್‌ಮಿಟರ್, 1967ರಲ್ಲಿ ಟ್ರಾನ್ಸ್‌ಮಿಟರಿನ ದೊಡ್ಡ ವಾಲ್ವು ಮತ್ತು ಸಿಲಿಕಾನಿನ ಸಾಮಾನು ಅಲ್ಲಿ ತಯಾರಾಗಲಿಕ್ಕೆ ಸುರುವಾಯಿತು. ಇಚ್ಚನ ಅಂಗಡಿಯ ಡಬ್ಬಿಗಳಲ್ಲಿ ಬಿಇಎಲ್ ಅಂತ ಬರೆದ ಸಾಮಾನು ಬೇಕಾದಷ್ಟು ಇತ್ತು.

ವಾಲ್ವಿಗೂ ಟ್ರಾನ್ಸಿಸ್ಟರಿಗೂ ಸ್ವಭಾವದಲ್ಲಿಯೇ ವ್ಯತ್ಯಾಸ ಉಂಟು. ವಾಲ್ವು ತಾನಾಗಿ ತೆರೆದಿರುವಂಥದ್ದು, ಬಯಾಸ್ ಅದಕ್ಕೆ ಲಗಾಮು. ಟ್ರಾನ್ಸಿಸ್ಟರು ತಾನಾಗಿ ಮುಚ್ಚಿರುವಂಥದ್ದು, ಬಯಾಸ್ ಅದಕ್ಕೆ ಬೆನ್ನು ತಟ್ಟಿ ಎಬ್ಬಿಸುವುದು. ವಾಲ್ವು ಹೇಗೂ ಕೆಂಪಗೆ ಕಾದೇ ದುಡಿಯುವುದರಿಂದ ಹೊರಗಿನ ಸೆಕೆ ಅದಕ್ಕೆ ಲೆಕ್ಕಕ್ಕಿಲ್ಲ. ಟ್ರಾನ್ಸಿಸ್ಟರು ಹಾಗಲ್ಲ, ಅದಕ್ಕೆ ಸೆಕೆ ತಡೆಯುವುದಿಲ್ಲ. ಸಿಲಿಕಾನಿನದ್ದನ್ನು ಎಬ್ಬಿಸಲಿಕ್ಕೆ ಸುಮಾರು 0.6 ವೋಲ್ಟು ಬೇಕು, ಜರ್ಮೇನಿಯಮ್ಮಿಗೆ ಇನ್ನೂ ಕಡಿಮೆ. ಬಿಸಿ ಒಂದು ಡಿಗ್ರಿ ಏರಿದರೆ ಬೇಕಾದ ವೋಲ್ಟು ಸುಮಾರು 2 ಮಿಲಿವೋಲ್ಟು ಇಳಿಯುತ್ತದೆ. ಇದು ಏನು ಮಹಾ ಅಂತ ಕೇಳಬೇಡಿ. ಬೆಳಿಗ್ಗೆಯ ತಂಪಿನಲ್ಲಿ ಹದ ನೋಡಿ ಬಯಾಸ್ ಇಟ್ಟು ಹೋದರೆ, ಟ್ರಾನ್ಸಿಸ್ಟರು 40 ಡಿಗ್ರಿ ಹೆಚ್ಚು ಬಿಸಿಯಾದಾಗ 80 ಮಿಲಿವೋಲ್ಟು ಹೆಚ್ಚು ಕೊಟ್ಟ ಹಾಗೆ ಆಯಿತು. ಅಷ್ಟಕ್ಕೇ ಸುಮ್ಮನೆ ಹರಿಯುವ ಕರೆಂಟು ಹತ್ತು ಪಟ್ಟಿಗಿಂತಲೂ ಹೆಚ್ಚಾಗುತ್ತದೆ.

ಹೆಚ್ಚು ಕರೆಂಟು ಅಂದರೆ ಹೆಚ್ಚು ಬಿಸಿ. ಹೆಚ್ಚು ಬಿಸಿ ಅಂದರೆ ಇನ್ನೂ ಹೆಚ್ಚು ಕರೆಂಟು. ಬೇಸಿಗೆಯಲ್ಲಿ ಮುಳಿಹುಲ್ಲಿನ ಗುಡ್ಡೆಗೆ ಬೆಂಕಿ ಬಿದ್ದದ್ದನ್ನು ನೋಡಿದವರಿಗೆ ಇದು ಗೊತ್ತು. ಬೆಂಕಿ ಗಾಳಿ ಎಬ್ಬಿಸುತ್ತದೆ, ಗಾಳಿ ಬೆಂಕಿ ಎಬ್ಬಿಸುತ್ತದೆ. ಇಚ್ಚ ಇದಕ್ಕೆ "ಟ್ರಾನ್ಸಿಸ್ಟರಿನ ಮಂಡೆಬಿಸಿ" ಅಂತ ಹೇಳುತ್ತಿದ್ದರು. ಮೊದಲಿನ ಜರ್ಮೇನಿಯಂ ಟ್ರಾನ್ಸಿಸ್ಟರುಗಳಿಗೆ ಈ ಕಾಯಿಲೆ ಬಹಳ. ಮುಚ್ಚಿದ್ದಾಗಲೂ ಅದರಲ್ಲಿ ಸೋರುವ ಕರೆಂಟು ಸುಮಾರು 10 ಡಿಗ್ರಿಗೊಮ್ಮೆ ಇಮ್ಮಡಿ ಆಗುತ್ತದೆ. 1954ರಲ್ಲಿ ಅಮೇರಿಕದಲ್ಲಿ ಸಿಲಿಕಾನಿನ ಟ್ರಾನ್ಸಿಸ್ಟರ್ ಮಾರಾಟಕ್ಕೆ ಬಂದ ಮೇಲೆ ಸೋರಿಕೆ ಬಹಳ ಕಡಿಮೆಯಾಯಿತು, ಆದರೆ 2 ಮಿಲಿವೋಲ್ಟಿನ ಗುಣ ಹಾಗೆಯೇ ಉಳಿಯಿತು.

ಇದಕ್ಕೆ ಮದ್ದು ಮೂರು. ಒಂದನೆಯದ್ದು, ಟ್ರಾನ್ಸಿಸ್ಟರಿನ ಕಾಲಿಗೆ ಒಂದು ಸಣ್ಣ ರೆಸಿಸ್ಟರ್ ಕಟ್ಟುವುದು. ಕರೆಂಟು ಹೆಚ್ಚಿದಷ್ಟೂ ಅದರಲ್ಲಿ ವೋಲ್ಟು ಹೆಚ್ಚು ಕಳೆದುಹೋಗಿ ಬಯಾಸ್ ತಾನಾಗಿ ಕುಗ್ಗುತ್ತದೆ. ಪುಂಡು ದನದ ಕುತ್ತಿಗೆಗೆ ಮರದ ಕೊರಡು ಕಟ್ಟುವ ಹಾಗೆ, ಓಡಿದಷ್ಟೂ ಕಾಲಿಗೆ ಬಡಿಯುತ್ತದೆ. ಎರಡನೆಯದ್ದು, ಬಿಸಿಯನ್ನು ಹೊರಗೆ ಹಾಕುವುದು, ಅಂದರೆ ರೆಕ್ಕೆ ರೆಕ್ಕೆಯ ಅಲ್ಯೂಮಿನಿಯಂ ಹೀಟ್ ಸಿಂಕ್, ಫ್ಯಾನು. ಮೂರನೆಯದ್ದು ಬಹಳ ಚೆಂದದ್ದು. ಬಯಾಸ್ ಕೊಡುವ ದಾರಿಯಲ್ಲಿ ಒಂದು ಡಯೋಡನ್ನು ಇಟ್ಟು, ಆ ಡಯೋಡನ್ನು ಟ್ರಾನ್ಸಿಸ್ಟರಿನ ಹೀಟ್ ಸಿಂಕಿಗೇ ಅಂಟಿಸುವುದು. ಟ್ರಾನ್ಸಿಸ್ಟರು ಬಿಸಿಯಾದರೆ ಡಯೋಡೂ ಬಿಸಿಯಾಗುತ್ತದೆ. ಡಯೋಡಿನ ವೋಲ್ಟೂ ಡಿಗ್ರಿಗೆ 2 ಮಿಲಿವೋಲ್ಟಿನಂತೆಯೇ ಇಳಿಯುತ್ತದೆ. ಟ್ರಾನ್ಸಿಸ್ಟರಿಗೆ ಎಷ್ಟು ಕಡಿಮೆ ಬೇಕೋ ಅಷ್ಟೇ ಕಡಿಮೆ ಸಿಗುತ್ತದೆ. ತಂಪಾದರೆ ಪುನಃ ಏರುತ್ತದೆ.

ಈ ಮೂರನೆಯ ಮದ್ದಿನ ಬೆಲೆ ನನಗೆ ತಿಳಿದದ್ದು ಒಂದು ಏಪ್ರಿಲ್ ತಿಂಗಳಲ್ಲಿ. ಒಂದು ಭಜನಾ ಮಂದಿರದ ವಾರ್ಷಿಕೋತ್ಸವದಲ್ಲಿ ತಗಡಿನ ಚಪ್ಪರದ ಅಡಿಯಲ್ಲಿ ನಮ್ಮ ಹಾಡು. ಸುರುವಿಗೆ ಮೈಕ್ ಸೆಟ್ ಒಳ್ಳೆಯದಿತ್ತು. ಅರ್ಧ ಗಂಟೆಯಲ್ಲಿ ದನಿ ಕರಕರ ಒಡೆಯಲಿಕ್ಕೆ ಸುರುವಾಯಿತು, ಆಮೇಲೆ ಸುಟ್ಟ ವಾಸನೆ ಬಂದು ನಿಂತೇ ಹೋಯಿತು. ಮರುದಿನ ಇಚ್ಚ ಅದನ್ನು ಬಿಚ್ಚಿ ನನಗೆ ತೋರಿಸಿದರು.

"ನೋಡು ಮಾರಾಯ, ಮೊದಲು ಯಾರೋ ರಿಪೇರಿ ಮಾಡಿದ್ದಾರೆ. ಡಯೋಡನ್ನು ಹೀಟ್ ಸಿಂಕಿನಿಂದ ಎಬ್ಬಿಸಿ ಹಾಗೆಯೇ ಗಾಳಿಯಲ್ಲಿ ನೇತಾಡಲಿಕ್ಕೆ ಬಿಟ್ಟಿದ್ದಾರೆ."

"ಅದು ಹಾಳಾಗಿದೆಯಾ ಇಚ್ಚಾ?"

"ಇಲ್ಲ, ಡಯೋಡಿಗೆ ಎಂತದೂ ಆಗಲಿಲ್ಲ. ಅದು ತಂಪಿನಲ್ಲಿ ಸುಖವಾಗಿ ಇತ್ತು. ಬೆಂಕಿಯ ಹತ್ತಿರ ಕೂತವನಿಗೆ ಮಾತ್ರ ಅಲ್ಲವಾ ಬಿಸಿ ಗೊತ್ತಾಗುವುದು?"

ಅದು ಮೈಕ್ ಸೆಟ್ಟಾದರೂ ಟ್ರಾನ್ಸ್‌ಮಿಟರಿನ ಟ್ರಾನ್ಸಿಸ್ಟರಿಗೂ ನಿಯಮ ಅದೇ. ಕಾವಲುಗಾರನು ದುಡಿಯುವವನ ಮೈಗೆ ತಾಗಿಯೇ ಇರಬೇಕು. ದೂರದಲ್ಲಿ ಕೂತು ಲೆಕ್ಕ ಹಾಕುವವನಿಂದ ಈ ಕೆಲಸ ಆಗುವುದಿಲ್ಲ. ರೇಡಿಯೋ ಅಲೆಯ ಪವರ್ ಸ್ಟೇಜಿನಲ್ಲಿ ಇನ್ನೂ ಹೆಚ್ಚಿನ ಜಾಗ್ರತೆ ಬೇಕು. ಕಾವಲಿನ ಡಯೋಡಿಗೆ ಬಿಸಿ ಮುಟ್ಟಬೇಕು, ಆದರೆ ಅಲೆ ಮುಟ್ಟಬಾರದು. ಮುಟ್ಟಿದರೆ ಅದು ಹೇಳುವ ಲೆಕ್ಕವೇ ತಪ್ಪುತ್ತದೆ. ಅದಕ್ಕಾಗಿ ಸುರುಳಿ ಮತ್ತು ಕಂಡೆನ್ಸರ್ ಇಟ್ಟು ಅಲೆಯನ್ನು ದಾರಿಯಲ್ಲಿಯೇ ತಡೆಯುತ್ತಾರೆ.

1995ರ ಜುಲೈ 31ರಂದು ಕೋಲ್ಕತ್ತದಿಂದ ದೆಹಲಿಗೆ ದೇಶದ ಮೊದಲ ಮೊಬೈಲ್ ಕರೆ ಹೋಯಿತು. ಈಗ ನಮ್ಮ ಊರಿನ ಗುಡ್ಡೆಗಳ ಮೇಲೆಲ್ಲ ಟವರು. ಇಂದಿನ ಟವರಿನಲ್ಲಿ ಒಂದೇ ಪವರ್ ಸ್ಟೇಜು ಎಷ್ಟೋ ಜನರ ಮಾತನ್ನೂ ಚಿತ್ರವನ್ನೂ ಒಟ್ಟಿಗೆ ಹೊರುತ್ತದೆ. ಎಲ್ಲ ಸೇರಿದ ಅಲೆ ಒಮ್ಮೆ ಬೆಟ್ಟ, ಒಮ್ಮೆ ಹಳ್ಳ. ಆದ್ದರಿಂದ ಹಿಂದಿಗಿಂತಲೂ ಹೆಚ್ಚು ನೇರತನ ಬೇಕು. ಅಲ್ಲಿ ಬಹಳ ಕಾಲದಿಂದ ದುಡಿಯುತ್ತಿರುವುದು ಎಲ್‌ಡಿಮೋಸ್ ಎಂಬ ಜಾತಿಯ ಸಿಲಿಕಾನ್ ಟ್ರಾನ್ಸಿಸ್ಟರು. ಅದರಲ್ಲಿಯೂ ಬಯಾಸಿನ ವೋಲ್ಟನ್ನು ಒಂದೇ ಕಡೆ ನಿಲ್ಲಿಸಿದರೆ, ಬಿಸಿ ಏರಿದಂತೆ ಸುಮ್ಮನೆ ಹರಿಯುವ ಕರೆಂಟು ಏರುತ್ತದೆ. ಹತ್ತಿರ ಕೂತ ಒಂದು ಸಣ್ಣ ಸಾಮಾನು ಬಿಸಿ ನೋಡುತ್ತಾ ಇರುತ್ತದೆ, ಅದು ಹೇಳಿದ ಹಾಗೆ ವೋಲ್ಟು ಇಳಿಯುತ್ತದೆ, ಏರುತ್ತದೆ. ಇನ್ನೂ ಉಳಿದ ಡೊಂಕನ್ನು ಕಂಪ್ಯೂಟರು ಮೊದಲೇ ಲೆಕ್ಕ ಹಾಕಿ, ಉಲ್ಟಾ ಡೊಂಕನ್ನು ಒಳಗೆ ಸೇರಿಸಿ ಸರಿಮಾಡುತ್ತದೆ. ಬಾಗಿದ ಕೋಲನ್ನು ಆಚೆ ಕಡೆಗೆ ಬಗ್ಗಿಸಿ ನೇರ ಮಾಡುವ ಹಾಗೆ. ಆಟಿಯ ಮಳೆಯಲ್ಲಿಯೂ ಸುಗ್ಗಿಯ ಬಿಸಿಲಿನಲ್ಲಿಯೂ ಫೋನಿನಲ್ಲಿ ಮಗಳ ದನಿ ಮಗಳದ್ದೇ ಆಗಿ ಕೇಳುವುದರ ಹಿಂದೆ 1912ರ ಆ ಸಿ ಬ್ಯಾಟರಿಯ ವಂಶವೇ ಉಂಟು.

ಇಷ್ಟನ್ನು ಯಾಕೆ ಬರೆದೆ ಅಂದರೆ, ನಾನು ಪಾಡ್ದನ ಕಲಿತದ್ದು ದೊಡ್ಡ ದನಿಯವರಿಂದ ಅಲ್ಲ. ಹಲ್ಲು ಬಿದ್ದ ಅಜ್ಜಿಯಂದಿರು, ಸೊಂಟಕ್ಕೆ ಕೈ ಕೊಟ್ಟು ಮೆಲ್ಲಗೆ ಹೇಳುವವರು. ಅವರ ದನಿಯಲ್ಲಿ ಕ, ತ, ಪ ಅಂಥ ಅಕ್ಷರ ಉಸಿರಿನಷ್ಟೇ ಕೇಳುತ್ತದೆ. ಕಥೆ ಇರುವುದು ಆ ಅಕ್ಷರಗಳಲ್ಲಿ. ಸಮ್ಮೇಳನಗಳಲ್ಲಿ ಆಂಪ್ಲಿಫಯರು ಎಷ್ಟು ವಾಟಿನದ್ದು, ಬಾಕ್ಸು ಎಷ್ಟು ದೊಡ್ಡದು ಅಂತ ವಿಚಾರಿಸುತ್ತಾರೆ. ಸಣ್ಣ ದನಿ ಅದರಲ್ಲಿ ಪೂರ್ತಿ ಬರುತ್ತದಾ ಅಂತ ಕೇಳಿದವರನ್ನು ನಾನು ಕಂಡದ್ದು ಕಡಿಮೆ. ಈಗ ದೇಶದಲ್ಲಿ ಮೀಡಿಯಂ ವೇವ್ ಟ್ರಾನ್ಸ್‌ಮಿಟರುಗಳನ್ನು ಒಂದೊಂದಾಗಿ ನಿಲ್ಲಿಸುತ್ತಾ ಬರುತ್ತಿದ್ದಾರೆ, ಎಫ್‌ಎಂ ಬರುತ್ತಾ ಉಂಟು. ಎಫ್‌ಎಂ ದನಿ ಚೆಂದ, ಆದರೆ ಅದು ಮೀಡಿಯಂ ವೇವಿನ ಹಾಗೆ ರಾತ್ರಿ ಆಕಾಶಕ್ಕೆ ತಾಗಿ ಗುಡ್ಡೆಯ ಆಚೆ ಬಂದು ಬೀಳುವಂಥದ್ದಲ್ಲ. ಗಡಿಯ ಈಚೆ ಉಳಿದ ನಮ್ಮಂಥವರು ಈ ಲೆಕ್ಕವನ್ನು ತಿಳಿದುಕೊಂಡಿರಬೇಕು. ಯಂತ್ರದಲ್ಲಿ ಆಗಲಿ ನಾಡಿನಲ್ಲಿ ಆಗಲಿ, ಬಯಾಸ್ ತಪ್ಪಿದರೆ ಮೊದಲು ಕಳೆದುಹೋಗುವುದು ಸಣ್ಣ ದನಿ.

ಕೊನೆಗೆ ಮಾಸ್ತರರಲ್ಲಿಯೂ ಟೀಚರಮ್ಮಂದಿರಲ್ಲಿಯೂ ಒಂದು ವಿನಂತಿ. ಈ ಇತಿಹಾಸವನ್ನು ಮಕ್ಕಳಿಗೆ ಕೈಯಲ್ಲಿಯೇ ಮುಟ್ಟಿಸಿ ತೋರಿಸಬಹುದು. ಪೇಟೆಯಲ್ಲಿ ಕೆಲವೇ ರೂಪಾಯಿಗೆ ಸಿಗುವ ಒಂದು ಸಿಲಿಕಾನ್ ಡಯೋಡು ತನ್ನಿ, ಶಾಲೆಯ ಲ್ಯಾಬಿನ ಮಲ್ಟಿಮೀಟರನ್ನು ಡಯೋಡಿನ ಗುರುತಿಗೆ ತಿರುಗಿಸಿ. 600ರ ಆಸುಪಾಸಿನಲ್ಲಿ ಒಂದು ಅಂಕೆ ಕಾಣುತ್ತದೆ, ಅದು ಮಿಲಿವೋಲ್ಟು. ಕೆಲವು ಮೀಟರಿನಲ್ಲಿ ಅದೇ 0.6 ಅಂತ ವೋಲ್ಟಿನಲ್ಲಿ ಕಾಣುತ್ತದೆ. ಒಂದು ಮಗು ಡಯೋಡಿನ ಮೈಯನ್ನು ಎರಡು ಬೆರಳಿನಿಂದ ಹಿಡಿಯಲಿ. ಅಂಕೆ ಮೆಲ್ಲಗೆ ಇಳಿಯುತ್ತದೆ. ಆಮೇಲೆ ಬಿಸಿ ಚಾಯದ ಸ್ಟೀಲ್ ಲೋಟೆಯ ಹೊರಮೈಗೆ ಡಯೋಡಿನ ಮೈಯನ್ನು ಒತ್ತಿ ಹಿಡಿಯಿರಿ, ಅದರ ತಂತಿ ಲೋಟೆಗೆ ತಾಗದ ಹಾಗೆ ನೋಡಿಕೊಳ್ಳಿ. ಇನ್ನೂ ಇಳಿಯುತ್ತದೆ, ಚಾಯ ತಣಿದಂತೆ ಪುನಃ ಏರುತ್ತದೆ. ಇಳಿದ ಅಂಕೆಯನ್ನು 2ರಿಂದ ಭಾಗಿಸಿದರೆ ಎಷ್ಟು ಡಿಗ್ರಿ ಬಿಸಿಯಾಯಿತು ಅಂತ ಹೆಚ್ಚುಕಡಿಮೆ ಲೆಕ್ಕ ಸಿಗುತ್ತದೆ. ಅದೇ ದಿನ ಮಕ್ಕಳ ಅಜ್ಜಿಯರಲ್ಲಿ ಯಾರಾದರೂ ಓಬೇಲೆ ಹೇಳುವವರು ಇದ್ದರೆ ಶಾಲೆಗೆ ಕರೆಯಿರಿ. ಅವರ ದನಿಯನ್ನು ಫೋನಿನಲ್ಲಿ ತೆಗೆದಿಡುವಾಗ ಹತ್ತಿರ ಕೂತು ತೆಗೆಯಿರಿ.